ಆಕಾಶದ ನಾಲ್ಕು ಗಂಟುಗಳು

೧೯೭೨ರ ಮಾರ್ಚ್ ೧೧ರ ನನ್ನ ಡೈರಿಯಲ್ಲಿ ಹೀಗಿದೆ: ‘ಆಕಾಶ ಯಾಕೆ ಕೈಗೆ ಎಟಕುವುದಿಲ್ಲ ಎಂದು ಪುಟ್ಟ ವಾರಿಜ ಕೇಳಿದಳು. ಗ್ರೀಕರ ಕತೆಯನ್ನು ನನ್ನ ರೀತಿಯಲ್ಲಿ ಹೇಳಿದೆ. ಸಿಹಿ ಬೆರೆಸಲಿಲ್ಲ.’ ಆ ಕತೆ ಇದು.

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಸೂರ್ಯ ಇರಲಿಲ್ಲ, ಚಂದ್ರ ಇರಲಿಲ್ಲ. ಆಕಾಶ ಇದ್ದ, ಅವನ ಹೆಸರು ಯುರೇನಸ್. ಭೂಮಿ ಇದ್ದಳು, ಅವಳ ಹೆಸರು ಗಾಯಾ. ಇಬ್ಬರೂ ಗಂಡ ಹೆಂಡತಿ. ಮದುವೆಯ ದಿನ ಅವನ ನೀಲಿ ಹೊದಿಕೆಯ ಅಂಚನ್ನು ಅವಳ ಹಸಿರು ಸೆರಗಿಗೆ ನಾಲ್ಕು ದಿಕ್ಕಿನಲ್ಲೂ ಗಂಟು ಹಾಕಿದ್ದರು. ಗಂಟು ಹಾಕಿದವಳು ಯುರೇನಸ್‌ನ ತಂಗಿ, ಗಾಳಿ.

ಗಂಟು ಬಿಗಿಯಾಗಿತ್ತು. ಗಂಡ ಹೆಂಡತಿಯ ನಡುವೆ ಒಂದು ಹುಲ್ಲುಕಡ್ಡಿ ನೆಟ್ಟಗೆ ನಿಲ್ಲುವಷ್ಟೂ ಜಾಗವಿರಲಿಲ್ಲ. ಗಾಳಿ ಕೂಡ ತೆವಳಿಕೊಂಡೇ ಓಡಾಡಬೇಕಿತ್ತು. ಗಾಯಾಳಿಗೆ ಮೊದಮೊದಲು ಅದೇ ಸುಖವೆನಿಸಿತ್ತು.

ಆಮೇಲೆ ಮಕ್ಕಳಾದವು. ಮೊದಲು ಹುಟ್ಟಿದವರಿಗೆ ಹಣೆಯ ನಡುವೆ ಒಂದೇ ಕಣ್ಣು. ಅವರ ಹಿಂದೆ ಬಂದವರಿಗೆ ಮೈತುಂಬ ಕೈಗಳು. ಕೊನೆಗೆ ಹುಟ್ಟಿದವರು ಮಾತ್ರ ಅಪ್ಪನಂತೆ ನೀಳವಾಗಿ, ಚೆಲುವಾಗಿದ್ದರು. ಯುರೇನಸ್ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಮಕ್ಕಳು ಎದ್ದು ನಿಂತರೆ ತನ್ನ ನೀಲಿ ಹೊದಿಕೆ ಸುಕ್ಕಾಗುತ್ತದೆಂಬುದೇ ಅವನಿಗೆ ಚಿಂತೆ. ಹುಟ್ಟಿದ್ದನ್ನೆಲ್ಲ ಹಾಗೆಯೇ ನೆಲದೊಳಕ್ಕೆ, ಗಾಯಾಳ ಹೊಟ್ಟೆಗೇ ತಳ್ಳಿಬಿಟ್ಟ.

ಗಾಯಾ ಬೇಡಿಕೊಂಡಳು. ಒಂದಿಷ್ಟು ಮೇಲೆ ಸರಿ, ಮಕ್ಕಳು ಕೂತಾದರೂ ಕೂರಲಿ ಎಂದಳು.

“ಇರಲಿ ಬಿಡೆ, ಒಳಗೇ ಬೆಚ್ಚಗಿವೆ,” ಎಂದ ಯುರೇನಸ್.

ಅವಳ ಹೊಟ್ಟೆ ಬಿರಿಯುತ್ತಿತ್ತು. ಒಳಗೆ ಮಕ್ಕಳು ಒಬ್ಬರನ್ನೊಬ್ಬರು ತುಳಿದುಕೊಂಡು ಅಳುತ್ತಿದ್ದರು. ಅವಳು ಮತ್ತೆ ಬೇಡಿದಳು. ಅವನು ಮತ್ತೆ ಅದೇ ಮಾತು ಹೇಳಿ ಮಗ್ಗುಲಾದ.

ತೆವಳುತ್ತಾ ಬಂದ ಗಾಳಿ ಇದನ್ನು ಕೇಳಿಸಿಕೊಂಡಳು. “ಅತ್ತಿಗೆ, ಹೊದಿಕೆ ಸುಕ್ಕಾಗುತ್ತೆ ಅಂತ ನಮ್ಮಣ್ಣ ಮಕ್ಕಳನ್ನೇ ಹೂತಿಟ್ಟಿದ್ದಾನೆ. ನೀನು ಇನ್ನೂ ಅವನ ಕಾಲು ಒತ್ತುತ್ತಾ ಇರು.”

ಆ ಮಾತು ಗಾಯಾಳಿಗೆ ನಾಟಿತು. ತನ್ನ ಪಕ್ಕೆಯಿಂದ ಬೂದು ಬಣ್ಣದ ಗಟ್ಟಿ ಕಲ್ಲು ಕಿತ್ತು, ಮಸೆದು ಮಸೆದು ಕುಡುಗೋಲು ಮಾಡಿದಳು. ಯಾರು ಹಿಡಿಯುತ್ತೀರಿ ಎಂದು ಕತ್ತಲೆಯಲ್ಲಿದ್ದ ಮಕ್ಕಳನ್ನು ಕೇಳಿದಳು. ದೊಡ್ಡವರೆಲ್ಲ ಅಪ್ಪನಿಗೆ ಹೆದರಿ ಹಿಂದೆ ಸರಿದರು. ಎಲ್ಲರಿಗಿಂತ ಕಿರಿಯವನು, ಕ್ರೋನಸ್, ಕೈ ಚಾಚಿದ. ಕೊಡಮ್ಮ ಎಂದ, ಅಷ್ಟೇ.

“ಪೂರ್ವದ ಗಂಟು ಒಂದೇ, ಮಗನೆ,” ಎಂದಳು ಗಾಯಾ. “ಅವನು ಆ ಕಡೆ ಒಂಚೂರು ಎದ್ದರೆ ನೀವೆಲ್ಲ ಹೊರಗೆ ಬರಬಹುದು. ಉಳಿದ ಮೂರು ಗಂಟು ನನಗೆ ಬೇಕು.”

ಅವನು ಹೂಂ ಎಂದ. ಆದರೆ ಬೆಳಕನ್ನೇ ಕಾಣದವನಿಗೆ ಪೂರ್ವ ಎಲ್ಲಿಂದ ಗೊತ್ತು? ಅವನಿದ್ದ ಕಡೆ ಎಲ್ಲ ದಿಕ್ಕೂ ಒಂದೇ ಕತ್ತಲೆ. ಭೂಮಿಗೆ ತನ್ನ ಪೂರ್ವ ಎಲ್ಲಿದೆಯೆಂದು ಯಾರೂ ಕಲಿಸಬೇಕಾಗಿರಲಿಲ್ಲ. ಮಗನಿಗೆ ಕಲಿಸಬೇಕೆಂಬುದು ಅವಳಿಗೆ ಹೊಳೆಯಲೇ ಇಲ್ಲ.

ಕ್ರೋನಸ್ ತೆವಳಿ ಬಂದು ಕೈಗೆ ಸಿಕ್ಕ ಗಂಟನ್ನು ಕೊಯ್ದ. ಇದೇ ಹೌದೋ ಅಲ್ಲವೋ ತಿಳಿಯದೆ ತಡಕಾಡುತ್ತಾ ಇನ್ನೊಂದನ್ನು ಹಿಡಿದ. ಹೊದಿಕೆ ಜಗ್ಗಿದಂತಾಗಿ ಯುರೇನಸ್‌ಗೆ ಎಚ್ಚರವಾಯಿತು.

“ಯಾರದು?”

“ನಿನ್ನ ಮಗ.”

“ಯಾವ ಮಗ?” ಎಂದ ಯುರೇನಸ್.

ಕ್ರೋನಸ್‌ನ ಕೈ ಅಲ್ಲಿಯವರೆಗೆ ತಡಕಾಡುತ್ತಿತ್ತು. ಆಮೇಲೆ ತಡಕಾಡಲಿಲ್ಲ. ಉಳಿದ ಮೂರು ಗಂಟುಗಳನ್ನೂ ಕೊಯ್ದುಹಾಕಿದ.

ಯುರೇನಸ್ ಮೇಲಕ್ಕೆ ಚಿಮ್ಮಿದ. ಅವನ ಅಡಿಯಿಂದ ಬೆಳಕು ನುಗ್ಗಿತು. ಬಾಗಿ ಬೆಳೆದಿದ್ದ ಗಿಡಗಳು ಮರಗಳಾಗಿ ಎದ್ದವು. ಗಾಳಿ ಮೊದಲ ಸಲ ಎದ್ದುನಿಂತು ಓಡಿದಳು. ಮಕ್ಕಳು ಕಣ್ಣು ಉಜ್ಜಿಕೊಳ್ಳುತ್ತಾ ಹೊರಗೆ ಬಂದರು. ಗಾಯಾ ಅವರನ್ನು ನೋಡಿ ನಕ್ಕಳು.

ಆಮೇಲೆ ತಲೆ ಎತ್ತಿದಳು. ಗಂಡ ಇನ್ನೂ ಮೇಲೆ ಹೋಗುತ್ತಲೇ ಇದ್ದ. ಸಾಕು ನಿಲ್ಲು ಎಂದು ಕೂಗಿದಳು. ಕೂಗು ಅಲ್ಲಿಗೆ ಮುಟ್ಟಲಿಲ್ಲ. ನಾದಿನಿಯನ್ನು ಕಳಿಸಿದಳು. ಗಾಳಿ ಹೋದಷ್ಟೇ ಬೇಗ ತಿರುಗಿ ಬಂದಳು. ತನಗೆ ಮಗ ಮಾಡಿದ್ದನ್ನು ಅವನಿಗೆ ಅವನ ಮಕ್ಕಳು ಮಾಡಲಿ, ಇಷ್ಟೇ ಅಣ್ಣ ಹೇಳಿದ್ದು ಎಂದಳು. ಈ ಸಲ ಅವಳು ಅತ್ತಿಗೆಯನ್ನು ಚುಚ್ಚಲಿಲ್ಲ.

ಕ್ರೋನಸ್ ಅಪ್ಪನ ಜಾಗದಲ್ಲಿ ಕುಳಿತ. ಒಕ್ಕಣ್ಣಿನ ಅಣ್ಣಂದಿರನ್ನೂ ಮೈತುಂಬ ಕೈಯಿದ್ದ ಅಣ್ಣಂದಿರನ್ನೂ ಬೆಳಕಿನಲ್ಲಿ ಅಂದೇ ಮೊದಲು ನೋಡಿದ್ದು. ಅವರ ಬಲ ಕಂಡು ಅವನಿಗೆ ಗಾಳಿ ತಂದ ಅಪ್ಪನ ಶಾಪ ನೆನಪಾಯಿತು, ಮಕ್ಕಳಿಗಿಂತ ಮೊದಲು ಇವರೇ ತನ್ನನ್ನು ಕೆಳಗಿಳಿಸಿಯಾರೆಂದು ಭಯವಾಯಿತು. ಒಬ್ಬೊಬ್ಬರನ್ನೇ ಹಿಡಿದು ನೆಲದೊಳಕ್ಕೆ ತಳ್ಳಿದ. ಗಾಯಾ ಓಡಿಬಂದು, ನಾನು ಕುಡುಗೋಲು ಮಸೆದದ್ದು ಇವರಿಗಾಗಿಯೂ ಅಲ್ಲವೇನೋ ಎಂದು ಅವನ ಕೈ ಹಿಡಿದಳು.

“ಇರಲಿ ಬಿಡಮ್ಮ,” ಎಂದ ಮಗ. “ಒಳಗೇ ಬೆಚ್ಚಗಿರುತ್ತಾರೆ.”

ಗಾಯಾ ಆ ಕೈ ಬಿಟ್ಟಳು.

ಅಂಗೈಯಗಲ ಜಾಗ ಕೇಳಿದ್ದಕ್ಕೆ ಅವಳು ತೆತ್ತದ್ದು ಇಷ್ಟು: ಗಂಡ ಹೋದ. ಮೊದಲ ಮಕ್ಕಳು ಮತ್ತೆ ಕತ್ತಲೆಗೇ ಹೋದರು. ಗಂಟು ಕೊಯ್ದ ಮಗ ತನಗೆ ಹುಟ್ಟುವ ಮಕ್ಕಳಿಗೆ ಹೆದರುತ್ತಾ ಬಾಳಿದ. ಕೊಯ್ದುಹೋದ ಅಂಚನ್ನು ಮತ್ತೆ ಕಟ್ಟಿಕೊಳ್ಳಲು ಗಾಯಾ ಇಂದಿಗೂ ಸೆರಗು ಚಾಚುತ್ತಲೇ ಇದ್ದಾಳೆ, ಯುರೇನಸ್ ಗಂಟಿಗೆ ಒಪ್ಪುವುದಿಲ್ಲ. ಅದಕ್ಕೇ, ಬಯಲಿನ ತುದಿಯಲ್ಲಿ ಆಕಾಶ ನೆಲಕ್ಕೆ ತಾಗಿದೆಯೆಂದು ನೀನು ಮುಟ್ಟಲು ಓಡಿದರೆ, ನೀನು ಓಡಿದಷ್ಟೂ ಅದು ಹಿಂದೆ ಸರಿಯುತ್ತದೆ.