ಹೊಳೆದಾಟಿನ ಎರಡು ಮಾತು

ಒಂದು ಕಾಡಿನಲ್ಲಿ ಚೆನ್ನವ್ವ ಎಂಬ ಮುಳ್ಳುಹಂದಿ ಇದ್ದಳು. ಆ ವರ್ಷದ ಮಳೆಗಾಲದಲ್ಲಿ ಹೊಳೆ ಉಕ್ಕಿ ಹರಿದು, ಕಾಡಿನ ಮರಿಗಳೆಲ್ಲ ಅವಳ ಗುಹೆ ಸೇರಿದವು. ಗುಡುಗಿಗೆ ಹೆದರಿ ಒಂದೇ ಸಮನೆ ಅಳುತ್ತಿದ್ದವು. ಅಳು ನಿಲ್ಲಿಸಲು ಚೆನ್ನವ್ವ ಮುಳ್ಳಿನಿಂದ ಮರದ ತೊಗಟೆಯ ಮೇಲೆ ಆಟದ ಮನೆಗಳನ್ನು ಗೀರಿದಳು. ಗುಲಗಂಜಿಗಳು ಹೊಳೆ ದಾಟುವ ಜಿಂಕೆಗಳಾದವು. ಹೊಂಗೆಬೀಜ ಮೊಸಳೆಯಾಯಿತು. ಆಟ ಸರಿಬರಲಿಲ್ಲ. ಅಳಿಸಿದಳು, ಮತ್ತೆ ಗೀರಿದಳು. ಮಳೆ ಹೊಳವಾಗುವ ಹೊತ್ತಿಗೆ 'ಹೊಳೆದಾಟು' ಎಂಬ ಹೊಸ ಆಟ ಹುಟ್ಟಿತ್ತು. ಮರಿಗಳಿಗೆ ಗುಡುಗಿನ ನೆನಪೇ ಇರಲಿಲ್ಲ.

"ನಮಗೂ ಕಲಿಸಕ್ಕಾ" ಎಂದು ಕಾಡಿನವರೆಲ್ಲ ಬಂದರು.

"ಅದಕ್ಕೇನಂತೆ! ಯಾರು ಬೇಕಾದರೂ ಮಾಡಿಕೊಳ್ಳಿ, ತಿದ್ದಿಕೊಳ್ಳಿ, ಮಾರಿದರೂ ನನಗೆ ಬೇಸರವಿಲ್ಲ. ಎರಡು ಮಾತು ಮಾತ್ರ ನಡೆಸಿಕೊಡಿ. ಆಟ ಎಲ್ಲಿಂದ ಬಂತೆಂದು ಹೇಳಬೇಕು. ನಿಮ್ಮಿಂದ ಪಡೆದವರಿಗೂ ಮಾಡುವ ಬಗೆಯನ್ನು ಕಲಿಸಬೇಕು" ಎಂದಳು ಚೆನ್ನವ್ವ.

ಎಲ್ಲರೂ ಒಪ್ಪಿದರು. ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವನು ಗಂಧಪ್ಪ ಎಂಬ ಪುನುಗುಬೆಕ್ಕು.

ಕೆಲವು ದಿನ ಕಳೆದ ಮೇಲೆ ನೀರುನಾಯಿ ಸಾವಂತ್ರಿ ಏದುಸಿರು ಬಿಡುತ್ತಾ ಬಂದಳು. "ಚೆನ್ನವ್ವಾ, ಆಚೆದಡದಲ್ಲಿ ಗಂಧಪ್ಪ ನಿನ್ನ ಆಟ ಮಾರುತ್ತಿದ್ದಾನೆ! 'ಗಂಧಪ್ಪನ ಗೆಲುವಿನಾಟ' ಅಂತೆ. ಒಂದು ಹಲಗೆಗೆ ಒಂದು ಜೇನುಹುಟ್ಟು. ಮಾಡುವ ಬಗೆ ತನ್ನ ಗುಟ್ಟಂತೆ. ನೋಡಿ ಗೀರಿಕೊಂಡ ಕರಡಿಮರಿಯ ತೊಗಟೆಯನ್ನು ಮುರಿದು ಎಸೆದನಂತೆ."

ಚೆನ್ನವ್ವನ ಮುಳ್ಳುಗಳು ನೆಟ್ಟಗಾದವು. "ಇನ್ನು ಯಾರಿಗೂ ಕಲಿಸುವುದಿಲ್ಲ. ಇದ್ದಬದ್ದ ತೊಗಟೆಗಳನ್ನೆಲ್ಲ ಹೊಳೆಗೆ ಎಸೆಯುತ್ತೇನೆ" ಎಂದಳು.

"ತಪ್ಪು ಮಾಡಿದವನು ಅವನು, ಆಟ ಕಳೆದುಕೊಳ್ಳುವವರು ಮರಿಗಳೇ?" ಎಂದಳು ಸಾವಂತ್ರಿ. "ನೀನು ಮಾರಬೇಡ ಅಂದಿರಲಿಲ್ಲ. ಎರಡು ಮಾತು ಕೇಳಿದ್ದೆ. ಅದನ್ನೇ ಹೋಗಿ ಕೇಳೋಣ, ನಡಿ."

ಹೊಳೆ ಇಳಿದಿತ್ತು. ಇಬ್ಬರೂ ಬಂಡೆಗಳ ಮೇಲೆ ಹೆಜ್ಜೆಯಿಟ್ಟು ಆಚೆದಡಕ್ಕೆ ಹೋದರು.

ಅಲ್ಲಿ ಆಗಲೇ ಗಲಾಟೆ ಎದ್ದಿತ್ತು. "ಆಟ ನಡುವೆ ಸಿಕ್ಕಿಕೊಳ್ಳುತ್ತದೆ! ಮೊಸಳೆ ನಡುನೀರಿಗೆ ಬಂದರೆ ಜಿಂಕೆಗೆ ದಾರಿಯೇ ಇಲ್ಲ" ಎಂದು ಮರಿಗಳು ಕೂಗುತ್ತಿದ್ದವು.

"ಇನ್ನೊಂದು ಕೊಳ್ಳಿ, ಅದು ಸರಿಯಿದೆ" ಎಂದ ಗಂಧಪ್ಪ. ಚೆನ್ನವ್ವನನ್ನು ಕಂಡೊಡನೆ ದನಿ ಏರಿಸಿದ. "ನೋಡಿ, ನನ್ನ ಆಟ ಕದ್ದವಳು ಇವಳೇ!"

ಆ ದಡದ ಹಿರಿಯ ಕಾಡುಕೋಣ ಕಾಟಿಯಜ್ಜ ಮುಂದೆ ಬಂದ. "ಹಾಗಾದರೆ ಸಿಕ್ಕಿಕೊಂಡ ಆಟವನ್ನು ಬಿಡಿಸಿ ತೋರಿಸಪ್ಪಾ" ಎಂದ.

ಗಂಧಪ್ಪ ಹಲಗೆಯನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಜಿಂಕೆಗೆ ದಾರಿ ಸಿಗಲಿಲ್ಲ.

ಚೆನ್ನವ್ವ ಬಾಗಿ ನೋಡಿದಳು. ಅಷ್ಟು ಸಿಟ್ಟಿನಲ್ಲೂ ಅವಳಿಗೆ ನಗು ಬಂತು. "ನಡುನೀರಿನಲ್ಲಿ ಒಂದು ಬಂಡೆಮನೆ ಇರಬೇಕು. ಅಲ್ಲಿ ನಿಂತ ಜಿಂಕೆಯನ್ನು ಮೊಸಳೆ ಮುಟ್ಟುವ ಹಾಗಿಲ್ಲ. ಇವನು ನಕಲು ಮಾಡುವಾಗ ಅದರ ಮೇಲೆ ಎಲೆ ಬಿದ್ದಿತ್ತೋ ಏನೋ! ಯಾವ ಹಲಗೆಯಲ್ಲೂ ಆ ಮನೆಯೇ ಇಲ್ಲ" ಎಂದು ಮುಳ್ಳಿನಿಂದ ಆ ಮನೆ ಗೀರಿದಳು. ಜಿಂಕೆ ಬಂಡೆ ಹತ್ತಿತು, ಮುಂದಿನ ಸರದಿಗೆ ದಡ ಸೇರಿತು. ಮರಿಗಳು ಕುಣಿದಾಡಿದವು.

ಗಂಧಪ್ಪ ಮೆಲ್ಲನೆ ಜಾರಿಕೊಳ್ಳಲು ನೋಡಿದ. ಕಾಟಿಯಜ್ಜ ಅಡ್ಡ ನಿಂತ. "ಜೇನು ಇಟ್ಟು ಹೋಗು."

ಗಂಧಪ್ಪ ತಲೆತಗ್ಗಿಸಿ ಜೇನುಹುಟ್ಟುಗಳನ್ನೆಲ್ಲ ಹಿಂದಿರುಗಿಸಿದ. ಚೆನ್ನವ್ವ ಅವನನ್ನು ಕರೆದು, "ನಾಳೆಯೂ ಮಾರು, ಬೇಡವೆನ್ನುವುದಿಲ್ಲ. ಆ ಎರಡು ಮಾತು ನಡೆಸಿಕೊಟ್ಟು ಮಾರು" ಎಂದಳು. ಅವನು ಹಲಗೆಗಳನ್ನು ಎತ್ತಿಕೊಂಡು ಹೊರಟುಹೋದ. ಅವನ ಸರಕನ್ನು ಕೊಳ್ಳುವವರೂ ಉಳಿದಿರಲಿಲ್ಲ. ಮರಿಗಳಾಗಲೇ ಚೆನ್ನವ್ವನ ಸುತ್ತ ಕುಳಿತು ತಮ್ಮ ತಮ್ಮ ತೊಗಟೆ ಗೀರುತ್ತಿದ್ದವು.

ತೊಗಟೆ ಮುರಿಸಿಕೊಂಡಿದ್ದ ಕರಡಿಮರಿ ಒಂದು ಹುಣಸೆಬೀಜ ತಂದಿಟ್ಟಿತು. "ಅಕ್ಕಾ, ಇದು ಆನೆ. ಎರಡು ಜಿಂಕೆಗಳನ್ನು ಬೆನ್ನ ಮೇಲೆ ಹೊತ್ತು ದಾಟಿಸುತ್ತೆ. ಸೇರಿಸಬಹುದಾ?"

"ನನ್ನನ್ನು ಯಾಕೆ ಕೇಳುತ್ತೀ? ಸೇರಿಸಿ ಆಡು, ನೋಡೋಣ" ಎಂದಳು ಚೆನ್ನವ್ವ.

ಆಡಿದರು. ತಾನೇ ಕಟ್ಟಿದ ಆಟದಲ್ಲಿ ಚೆನ್ನವ್ವ ಸೋತಳು. ಮುಳ್ಳೆಲ್ಲ ಅಲುಗುವಂತೆ ನಕ್ಕು, "ಇನ್ನೊಂದಾಟ! ಆ ಆನೆಯನ್ನು ನನಗೂ ಕಲಿಸು" ಎಂದಳು.

ನೀತಿ: ಇನ್ನೊಬ್ಬರು ಹಂಚಿದ್ದನ್ನು ಬಳಸುವಾಗ ಅವರ ಹೆಸರನ್ನೂ ಮಾತನ್ನೂ ಉಳಿಸಬೇಕು; ಬಚ್ಚಿಟ್ಟ ನಕಲು ಸೊರಗುತ್ತದೆ, ಹಂಚಿದ ವಿದ್ಯೆ ಬೆಳೆಯುತ್ತದೆ.