ಚಿರತೆ ಉಗುರು ಮಡಚಲು ಕಲಿತದ್ದು

ಜಗತ್ತು ಆಗಷ್ಟೇ ಹುಟ್ಟಿತ್ತು. ಬೆಟ್ಟದ ಬಂಡೆಗಳೆಲ್ಲ ಇನ್ನೂ ಬೆಚ್ಚಗಿದ್ದವು. ಆ ಕಾಲದಲ್ಲಿ ಚಿರತೆಯ ಉಗುರುಗಳು ಸದಾ ಹೊರಗೇ ಇರುತ್ತಿದ್ದವು ಮಗೂ, ನಾಯಿಯ ಉಗುರಿನ ಹಾಗೆ.

ಚಿರತೆ ಬೇಟೆಗೆ ಹೊರಟರೆ ಬಂಡೆಯ ಮೇಲೆ ಟಕ ಟಕ, ಟಕ ಟಕ. ಜಿಂಕೆ ಕಿವಿ ನಿಮಿರಿಸಿ, "ಓಹೋ, ಅಕ್ಕ ಬಂದ್ಳು" ಎಂದು ಓಡಿಬಿಡುತ್ತಿತ್ತು.

ಗುಹೆಯಲ್ಲಿ ಚಿರತೆಯ ಮರಿ ಕಾಯುತ್ತಿತ್ತು. "ಅಮ್ಮಾ, ಇವತ್ತೂ ಏನೂ ಇಲ್ವಾ?" ಹಸಿದು ಹಸಿದು ಅದರ ಪಕ್ಕೆಲುಬು ಕಾಣುತ್ತಿತ್ತು. ಪಾಪ, ಅಳುವ ಶಕ್ತಿಯೂ ಉಳಿದಿರಲಿಲ್ಲ.

ಚಿರತೆ 'ಮುಟ್ಟಿದರೆ-ಮುನಿ' ಗಿಡದ ಹತ್ತಿರ ಹೋಯಿತು. "ತಂಗೀ, ಮುಟ್ಟಿದ ಕೂಡಲೇ ಎಲೆ ಮಡಚಿಕೊಳ್ತೀಯಲ್ಲ, ನನ್ನ ಉಗುರಿಗೂ ಅದನ್ನ ಕಲಿಸಿಕೊಡು."

ಗಿಡ ಕಲಿಸಿಕೊಟ್ಟಿತು. ಈಗ ಬಂಡೆ ತಾಗಿದ ಕೂಡಲೇ ಉಗುರು ಒಳಕ್ಕೆ ಹೋಗುತ್ತಿತ್ತು. ಸದ್ದೇ ಇಲ್ಲ. ಚಿರತೆ ಮೆಲ್ಲಗೆ ಹೋಗಿ ಜಿಂಕೆಯ ಬೆನ್ನ ಮೇಲೆ ಹಾರಿತು. ಬೆನ್ನು ತಾಗಿತಲ್ಲ, ಉಗುರು ಅಲ್ಲೂ ಮಡಚಿಕೊಂಡಿತು!

"ಕಚಗುಳಿ ಇಡ್ತೀಯಾ ಅಕ್ಕಾ?" ಎಂದು ಜಿಂಕೆ ಮೈ ಕೊಡವಿ ಹೊರಟೇಹೋಯಿತು. ಎಂಥ ಪೇಚಾಟ ನೋಡು.

ಬಂಡೆಯ ನೆರಳಲ್ಲಿ ಬೇಟೆಗಾರ್ತಿ ಕೇತವ್ವ ಬಿಲ್ಲಿಗೆ ನರದ ಹಗ್ಗ ಬಿಗಿಯುತ್ತಿದ್ದಳು. ಇದನ್ನು ಕಂಡು ಅವಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಗುಹೆಯ ಬಾಯಲ್ಲಿ ನಿಂತ ಮರಿಯನ್ನು ಕಂಡಳು. ನಗು ನಿಂತುಹೋಯಿತು.

"ಇಲ್ಲಿ ಬಾವ್ವ. ಮುಟ್ಟಿದ್ದಕ್ಕೆಲ್ಲ ಮಡಚ್ಕೊಂಡ್ರೆ ಬೇಟೆ ಹೆಂಗಾಯ್ತದೆ? ಉಗುರು ನಿನ್ನ ಮಾತು ಕೇಳ್ಬೇಕು."

ಚಿರತೆ ಪಂಜ ನೀಡಿತು. ಕೇತವ್ವ ಒಂದೊಂದು ಉಗುರಿಗೂ ಒಂದೊಂದು ನರ ಕಟ್ಟಿದಳು. "ನರ ಎಳಿ, ಉಗುರು ಹೊರಗೆ ಬತ್ತದೆ. ಹಿಡಿದಷ್ಟು ಹೊತ್ತು ನಿಲ್ತದೆ. ಬಿಡು, ತಾನಾಗೇ ಒಳಕ್ಕೆ ಹೋಯ್ತದೆ. ನನ್ನ ಮೇಲೆ ಮಾತ್ರ ಬಿಚ್ಬೇಡ."

ಅಲ್ಲೇ ಹೋಗುತ್ತಿದ್ದ ನಾಯಿಯನ್ನೂ ಕೇಳಿದಳು. "ನಿಂಗೂ ಕಟ್ಲೇನೋ?"

"ಬೇಡವ್ವ, ದಿನವೆಲ್ಲ ಓಡೋನು ನಾನು. ಉಗುರು ಊರದಿದ್ರೆ ಜಾರಿ ಬೀಳ್ತೀನಿ" ಎಂದಿತು ನಾಯಿ.

ಆ ಸಂಜೆ ಚಿರತೆಯ ಮರಿ ಹೊಟ್ಟೆ ತುಂಬ ತಿಂದಿತು. ತಿಂದು, ಅಮ್ಮನ ಮೆತ್ತನೆಯ ಪಂಜದ ಮೇಲೆ ತಲೆಯಿಟ್ಟು ಮಲಗಿತು.

ಕೇತವ್ವನಿಗೂ ಲಾಭವಾಯಿತು. ಕೂತಾಗಲೆಲ್ಲ ಸೊಂಟದ ಚಾಕು ಅವಳನ್ನೇ ಚುಚ್ಚುತ್ತಿತ್ತು. ಚಿರತೆಯ ಪಂಜವನ್ನು ನೋಡಿ ಅವಳು ಹಿಡಿಯನ್ನು ಸೀಳಿ, ಅದರೊಳಗೇ ಮಡಚಿಕೊಳ್ಳುವ ಚಾಕು ಮಾಡಿಕೊಂಡಳು.

ಚಿರತೆ ಕಲಿತದ್ದು ಅದರ ನೆಂಟರಿಗೆಲ್ಲ ಬಂತು. ಅದಕ್ಕೇ ಮಗೂ, ನಾಯಿ ಜಗಲಿ ಹತ್ತಿದರೆ ಒಳಗಿದ್ದವರಿಗೂ ಟಕ ಟಕ ಕೇಳುತ್ತದೆ. ಬೆಕ್ಕು ಬಂದದ್ದು ಮಾತ್ರ ಅದು ನಿನ್ನ ಮಡಿಲೇರಿದ ಮೇಲೆಯೇ ಗೊತ್ತಾಗುವುದು.