ಅಂಬಿಗನ ಹೇಳಿಕೆ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಇಂಗ್ಲಿಷಿನ ಎರಡು ಸಾವಿರ ಪದಗಳನ್ನು ಬಾಯಿಪಾಠ ಮಾಡಿದ್ದೇನೆ. ಆದರೂ ನೀವು ಕರ್ತೃ ಯಾರು, ಕ್ರಿಯಾಪದ ಎಲ್ಲಿದೆ ಎಂದು ದಿನವೆಲ್ಲ ಒಂದೇ ವಾಕ್ಯದ ಮುಂದೆ ಕೂರಿಸುತ್ತೀರಿ. ಪದ ಗೊತ್ತಿದ್ದ ಮೇಲೆ ವಾಕ್ಯವನ್ನು ಹೇಗೆ ಕಟ್ಟಿದರೇನು ಗುರುಗಳೇ?"

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ತುಂಗಭದ್ರೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಹರಿಗೋಲಿನಲ್ಲಿ ಜನರನ್ನು ದಾಟಿಸುವುದು ಅವನ ಕಸುಬು. ಒಂದು ದಿನ ಊರ ಗೌಡನ ತಮ್ಮ ಬಂದು ದಾಟಿಸು ಎಂದ. ಹೊಳೆ ತುಂಬಿತ್ತು. ಅಂಬಿಗ ಬೇಡವೆಂದರೂ ಕೇಳದೆ ಹರಿಗೋಲು ಹತ್ತಿದ. ನಡುನೀರಿನಲ್ಲಿ ಹರಿಗೋಲು ಸುಳಿಗೆ ಸಿಕ್ಕಿ ಮಗುಚಿಬಿತ್ತು. ಅಂಬಿಗ ಈಜಿ ದಡ ಸೇರಿದ. ಗೌಡನ ತಮ್ಮನ ಹೆಣ ಮೂರನೆಯ ದಿನ ಸಿಕ್ಕಿತು. ಹಿಂದಿನ ವಾರವಷ್ಟೇ ಬಲೆ ಬೀಸುವ ಜಾಗಕ್ಕಾಗಿ ಇಬ್ಬರೂ ಕೈ ಕೈ ಮಿಲಾಯಿಸಿದ್ದನ್ನು ಊರು ನೋಡಿತ್ತು. ಅಂಬಿಗನನ್ನು ಕಟ್ಟಿ ಕೋರ್ಟಿಗೆ ತಂದರು.

ನ್ಯಾಯಾಧೀಶ ಬಿಳಿಯ. ಅವನಿಗೆ ಕನ್ನಡ ಬಾರದು. ಕೋರ್ಟಿನ ದುಭಾಷಿ ಕೆಲಸಕ್ಕೆ ಹೊಸಬ. ಪದಸಂಪತ್ತಿಗೆ ಹೆಸರಾದವನು. ಇಂಗ್ಲಿಷ್ ವಾಕ್ಯದಲ್ಲಿ ಕೆಲಸ ಮಾಡಿದವನು ಮೊದಲು ಬರಬೇಕು ಎಂದು ಅವನಿಗೆ ಶಾಲೆಯಲ್ಲಿ ಕಲಿಸಿದ್ದರು. ಮನುಷ್ಯನಿಲ್ಲದ ವಾಕ್ಯ ಕಂಡರೆ ಅದು ಅರ್ಧವಾಯಿತೆಂದು ಅವನು ತಾನೇ ಒಬ್ಬನನ್ನು ತಂದು ನಿಲ್ಲಿಸುತ್ತಿದ್ದ.

ಅಂಬಿಗ ಕೈಮುಗಿದು ಹೇಳಿದ: "ಸುಳಿ ಬಂತು ಸ್ವಾಮಿ. ನಾ ಹುಟ್ಟು ಹಾಕ್ತಾನೇ ಇದ್ದೆ. ಹರಿಗೋಲು ಮಗುಚಿಬಿತ್ತು."

ಮಗುಚಿಬೀಳುವುದಕ್ಕೂ ಮಗುಚಿಹಾಕುವುದಕ್ಕೂ ಇಂಗ್ಲಿಷಿನಲ್ಲಿ ಒಂದೇ ಕ್ರಿಯಾಪದ ಸಾಕು. ಅದಕ್ಕೆ ಮೊದಲು ಏನು ಬಂತು, ಆಮೇಲೆ ಏನು ಬಂತು ಎಂಬುದರಲ್ಲೇ ಅರ್ಥವಿದೆ. ದುಭಾಷಿಗೆ ಆ ಕ್ರಿಯಾಪದ ಗೊತ್ತಿತ್ತು. ಅದರ ಮೊದಲು 'ನಾನು' ಎಂದಿಟ್ಟ. ಹರಿಗೋಲನ್ನು ಆಮೇಲೆ ಇಟ್ಟ. ನ್ಯಾಯಾಧೀಶನ ಕಿವಿಗೆ ಬಿದ್ದದ್ದು, 'ನಾನು ಹರಿಗೋಲನ್ನು ಮಗುಚಿಹಾಕಿದೆ.'

ನ್ಯಾಯಾಧೀಶ ತಲೆಯೆತ್ತಿ ಅಂಬಿಗನನ್ನು ದಿಟ್ಟಿಸಿದ. ಅವನು ಹೇಳಿದ್ದು ಇಷ್ಟೇ ಹೌದೇ ಎಂದು ಮತ್ತೊಮ್ಮೆ ಕೇಳಿಸಿದ. ಅಂಬಿಗ ಇಷ್ಟೇ ಎಂದು ಹೆಬ್ಬೆಟ್ಟು ಒತ್ತಿದ. ತಾನೇ ಒಪ್ಪಿಕೊಂಡನೆಂದು ಅವನಿಗೆ ಕರಿನೀರಿನ ಶಿಕ್ಷೆಯಾಯಿತು. ಕಾವಲಿನವರು ಎಳೆದೊಯ್ಯುವಾಗಲೂ ಅವನು ತನ್ನನ್ನು ಮನೆಗೆ ಬಿಡುತ್ತಿದ್ದಾರೆಂದೇ ತಿಳಿದಿದ್ದ. ಅಂದು ಸಂಜೆ ದುಭಾಷಿಗೆ ಮೇಲಿನವರಿಂದ ಶಹಬ್ಬಾಸ್ ಸಿಕ್ಕಿತು.

ಆರು ವರ್ಷ ಕಳೆಯಿತು. ದುಭಾಷಿ ತನ್ನ ಮಗಳಿಗೆ ಇಂಗ್ಲಿಷಿನ ಮೊದಲ ಪುಸ್ತಕ ಓದಿಸುತ್ತಿದ್ದ. ಅದರಲ್ಲೊಂದು ಗಾಡಿ ಮಗುಚಿಬಿದ್ದಿತ್ತು. ಗಾಡಿ ಮೊದಲು, ಆಮೇಲೆ ಅದೇ ಕ್ರಿಯಾಪದ, ಅಲ್ಲಿಗೆ ವಾಕ್ಯ ಮುಗಿದಿತ್ತು. ಮಗಳು, "ಅಪ್ಪಾ, ಮಗುಚಿದವನು ಯಾರು?" ಎಂದಳು. "ಯಾರೂ ಇಲ್ಲ ಮಗಳೇ" ಎಂದವನು ಪುಸ್ತಕ ಮುಚ್ಚಿ ಎದ್ದ.

ಮರುದಿನ ಹಳೆಯ ಕಡತ ತೆಗೆಸಿ ಓದಿದ. ತನ್ನ ಬಾಯಿಂದ ಬಂದ ವಾಕ್ಯ ಅಲ್ಲಿ ಹಾಗೆಯೇ ಇತ್ತು. ಮೇಲಿನವರಿಗೆ ಬರೆದುಕೊಂಡ. ನಾಲ್ಕು ತಿಂಗಳ ಮೇಲೆ ಉತ್ತರ ಬಂತು. ಆ ಕೈದಿ ಹೋದ ಎರಡನೆಯ ವರ್ಷವೇ ಜ್ವರದಿಂದ ಸತ್ತಿದ್ದ.

ದುಭಾಷಿ ಹೊಳೆಯ ದಡದ ಆ ಗುಡಿಸಲಿಗೆ ಹೋಗಿ ಅಂಬಿಗನ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಅಳಲಿಲ್ಲ. ಇಷ್ಟೇ ಕೇಳಿದಳು: "ಅವ್ರು ಆಡಿದ ಮಾತು ನಿಮಗ ತಿಳಿದಿತ್ತೇನ್ರಿ?"

"ತಿಳಿದಿತ್ತು ತಾಯಿ."

"ಮತ್ತ?"

ದುಭಾಷಿ ಆ ಗುಡಿಸಲಿನಿಂದ ನೇರವಾಗಿ ಕೋರ್ಟಿಗೆ ನಡೆದ. ಅವನು ಕೆಲಸ ಬಿಟ್ಟ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿತ್ತು. "ಅಯ್ಯೋ, ಎಂಥ ತಪ್ಪು ಆಗಿಹೋಯಿತು ಗುರುಗಳೇ!" ಎಂದ.

ಗುರುಗಳು ಹೇಳಿದರು: "ಆಗಲಿಲ್ಲ, ನಾನು ಮಾಡಿದೆ."